ಅಕ್ಕ ಬಣ್ಣ ಹಚ್ಚಿದ ಗೋಡೆ

ಗೋಡೆ ಬಿದ್ದು ಗಂಡ ಸತ್ತ ಮೇಲೆ ಅವಳ ಮನೆಗೆ ತಪ್ಪದೆ ಬರುತ್ತಿದ್ದವನು ತಮ್ಮ ಒಬ್ಬನೇ. ತಾಯಿ ಬೇಗ ಹೋದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಈಗ ಅವನು ಪ್ಲಾಸ್ಟರಿನಲ್ಲಿ ಪುಟ್ಟ ಪುಟ್ಟ ಇಟ್ಟಿಗೆ ಕಟ್ಟಡಗಳನ್ನು ಮಾಡಿ ಹೆಸರಾಗಿದ್ದ. ಆಟದ ರೈಲಿನ ಹುಚ್ಚಿರುವ ಶ್ರೀಮಂತರಿಗೆ ಅಂಗೈಯಗಲದ ನಿಲ್ದಾಣ, ವಸ್ತುಸಂಗ್ರಹಾಲಯದವರಿಗೆ ಬಾಂಬು ಬಿದ್ದ ಬೀದಿ, ಮನೆ ಮಾರುವವರಿಗೆ ಇನ್ನೂ ಕಟ್ಟದ ಮನೆ. ಯಾರು ಏನು ಕೇಳಿದರೂ ಮಾಡಿಕೊಡುತ್ತಿದ್ದ.

ಗಂಡ ಗಾರೆ ಮೇಸ್ತ್ರಿ. ಒಂದು ಗೋದಾಮಿನ ಹಿಂಗೋಡೆ ಕಟ್ಟುತ್ತಿದ್ದ. ಗೋಡೆ ಒಣಗುವ ಮೊದಲೇ ಕಂಟ್ರಾಕ್ಟರ್ ಪಾಯದಿಂದ ತೆಗೆದ ಮಣ್ಣನ್ನೆಲ್ಲ ಅದರ ಬೆನ್ನಿಗೆ ಸುರಿಸಿದ. ಆ ಸಂಜೆ ಊಟಕ್ಕೆ ಕೂತ ಮೇಸ್ತ್ರಿ, "ಹಸಿ ಗೋಡೆಗೂ ಹಸಿ ಬಾಣಂತಿಗೂ ಭಾರ ಹೊರಿಸಬಾರದು. ಹೇಳಿದ್ರೆ ಕೇಳೋರ್ಯಾರು?" ಎಂದು ಗೊಣಗಿದ್ದ. ಹೆಂಡತಿಯೂ ಅವನ ತಾಯಿಯೂ ಕೇಳಿಸಿಕೊಂಡಿದ್ದರು. ಮರುದಿನ ಗೋಡೆ ಅವನ ಮೇಲೆಯೇ ಬಿತ್ತು. ವಿಚಾರಣೆಯ ಅಧಿಕಾರಿ ಬರುವಷ್ಟರಲ್ಲಿ ಬಿದ್ದ ಇಟ್ಟಿಗೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಜಾಗವನ್ನು ಗುಡಿಸಿ ನೀರು ಚಿಮುಕಿಸಿದ್ದರು.

"ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರಕ್ಕ?" ಎಂದ ತಮ್ಮ. "ಆ ಗೋಡೆನ ನಾನು ಮಾಡ್ತೀನಿ. ಸಾಹೇಬರು ಕಣ್ಣಾರೆ ನೋಡ್ಲಿ. ಬಣ್ಣ ಮಾತ್ರ ನೀನೇ ಹಚ್ಚು. ಭಾವನ ಕೆಲಸ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅತ್ತೆಯ ಕಣ್ಣು ತುಂಬಿ ಬಂತು. "ಒಡಹುಟ್ಟಿದೋನು ಅಂದ್ರೆ ಹೀಗಿರಬೇಕು ನೋಡು," ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ತಮ್ಮ ಅಚ್ಚಿನಲ್ಲಿ ಎರೆದ ಪ್ಲಾಸ್ಟರಿನ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ. ಅದಿನ್ನೂ ಗಟ್ಟಿ ಬೆಣ್ಣೆಯ ಹಾಗಿತ್ತು. ಮೊಂಡು ಸೂಜಿಯಿಂದ ಅಡ್ಡ ಗೆರೆ, ಉದ್ದ ಗೆರೆ ಕೊರೆಯುತ್ತ ಹೋದಂತೆ ಇಟ್ಟಿಗೆಗಳು ಒಂದೊಂದಾಗಿ ಎದ್ದು ಬಂದವು. ಭಾವ ಮೂಲೆಯನ್ನು ಹೇಗೆ ಹೆಣೆಯುತ್ತಿದ್ದ, ಅರ್ಧ ಇಟ್ಟಿಗೆ ಎಲ್ಲಿ ಇಡುತ್ತಿದ್ದ, ಹತ್ತಿ ನಿಲ್ಲುವ ಸಾರುವೆ ಎಲ್ಲಿ ಕಟ್ಟಿದ್ದ ಎಂದೆಲ್ಲ ಅವನು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಸತ್ತವನ ಬಗ್ಗೆ ಅಷ್ಟು ದಿನ ಯಾರೂ ಏನೂ ಕೇಳಿರಲಿಲ್ಲ. ಎದುರಿಗೆ ಸಿಕ್ಕವರು ಮಾತು ಬದಲಿಸುತ್ತಿದ್ದರು. ಹೀಗೆ ಕೂತು ಹೇಳುವುದು ಅವಳಿಗೆ ಬೇಕಾಗಿತ್ತು.

ಬಣ್ಣದ ಕೆಲಸ ಅವಳ ಕೈಗೆ ಬೇಗ ಹತ್ತಿತು. ಒಣ ಪ್ಲಾಸ್ಟರು ಬಾಯಾರಿದ ದನದಂತೆ ಬಣ್ಣ ಕುಡಿಯುತ್ತದೆ, ಮೊದಲ ಕೈ ನೀರಾಗಿರಬೇಕು. ಮೇಲೆ ಒಂದೊಂದು ಇಟ್ಟಿಗೆಗೂ ಬೇರೆ ಬೇರೆ ಕೆಂಪು. ಬೆಂಕಿ ಹೆಚ್ಚು ತಿಂದದ್ದು ಕಪ್ಪು ತಿರುಗಿರುತ್ತದೆ, ಅರೆಬೆಂದದ್ದು ಹಳದಿ. ಕೊನೆಗೆ ಸಂದುಗಳಿಗೆ ಗಾರೆಯ ಬಣ್ಣ ಹರಿಸಿ, ಮೇಲಿನದನ್ನು ಬಟ್ಟೆಯಲ್ಲಿ ಒರೆಸಬೇಕು.

"ಸಂದಿಂದು ಇನ್ನೂ ತಿಳಿ ಮಾಡಕ್ಕ," ಎಂದ ತಮ್ಮ.

"ಅವರ ಗಾರೆ ಇಷ್ಟು ಬೆಳ್ಳಗಿರ್ತಿರಲಿಲ್ಲ ಕಣೋ. ಸಿಮೆಂಟ್ ಸರಿಯಾಗಿ ಬಿದ್ರೆ ಬೂದಿ ಬಣ್ಣ ಬರುತ್ತೆ."

"ಚಿಕ್ಕ ಸಾಮಾನಲ್ಲಿ ಹಾಗೆ ಹಚ್ಚಿದ್ರೆ ಮಸಿ ಬಳಿದ ಹಾಗೆ ಕಾಣುತ್ತೆ. ಇದು ನನ್ನ ಕಸುಬು, ನನಗೆ ಗೊತ್ತಿಲ್ವಾ?"

ಅವಳು ಇನ್ನೊಂದಿಷ್ಟು ಬಿಳಿ ಕಲಸಿದಳು. ಮತ್ತೊಮ್ಮೆ ಹೇಳಿದ, ಮತ್ತೊಂದಿಷ್ಟು ಕಲಸಿದಳು. ಹಿಂದಿನ ಮಣ್ಣಿನ ರಾಶಿ ಯಾವಾಗ ಮಾಡುವುದೆಂದು ಕೇಳಿದ್ದಕ್ಕೆ, "ಅದಕ್ಕೇನು, ಕಾರ್ಖಾನೇಲಿ ಅಂಟಿಸಿದ್ರಾಯ್ತು," ಎಂದು ಗೋಡೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದ.

ವಿಚಾರಣೆಯ ಕೋಣೆಯಲ್ಲಿ ತಮ್ಮ ಅವಳ ಪಕ್ಕಕ್ಕೆ ಬಂದು ಕೂರಲಿಲ್ಲ. ಕಂಟ್ರಾಕ್ಟರನ ವಕೀಲರ ಹಿಂದೆ ಕೂತು ಉಗುರಿನ ಸಂದಿಯ ಪ್ಲಾಸ್ಟರು ಕೆರೆಯುತ್ತಿದ್ದ. ಪೆಟ್ಟಿಗೆ ಅವರ ಮೇಜಿನ ಮೇಲಿತ್ತು. ವಕೀಲರು ಮುಚ್ಚಳ ತೆಗೆದರು. ಗೋಡೆಯ ಹಿಂದೆ ಸಪಾಟು ನೆಲ, ಹಿಡಿ ಮಣ್ಣೂ ಇರಲಿಲ್ಲ. ಮುಂದೆ ಸಾರುವೆಯ ಮೇಲೆ ಬೆರಳುಗುರಿನಷ್ಟು ಮೇಸ್ತ್ರಿ, ಕೈಯಲ್ಲಿ ಕರಣೆ.

"ಗಾರೆ ನೋಡಿ ಸಾರ್," ಎಂದರು ವಕೀಲರು. "ಎಷ್ಟು ಬೆಳ್ಳಗಿದೆ! ಬರೀ ಮರಳು. ಸಿಮೆಂಟ್ ಕದ್ದು ಕಟ್ಟಿದ ಗೋಡೆ ಇನ್ನು ಹೇಗಿರುತ್ತೆ?"

ಅವಳು ಎದ್ದು ನಿಂತಳು. "ಸುಳ್ಳು ಸಾರ್. ಅದಕ್ಕೆ ಬಣ್ಣ ಹಚ್ಚಿದ್ದು ನಾನು."

ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡರು. "ನೀವಾ? ನೀವು ಮೇಸ್ತ್ರಿಯವರಿಗೆ ಏನಾಗಬೇಕು?"

"ಹೆಂಡತಿ."

"ಈ ಸಂದಿನ ಬಣ್ಣ ಹಚ್ಚಿದ್ದೂ ನೀವೇನಾ?"

"ನಾನೇ. ಆದ್ರೆ ಇವನು ಹೇಳಿದ್ದಕ್ಕೆ..."

"ಗಂಡನ ಕೆಲಸ ನೀವು ನೋಡಿದ್ರಿ, ನೋಡಿದ ಹಾಗೇ ಹಚ್ಚಿದ್ರಿ. ಅಲ್ವಾ?"

"ಮಣ್ಣು ಸುರಿದಿದ್ರು ಸಾರ್. ನಮ್ಮನೆಯವರು ಹಿಂದಿನ ದಿನವೇ ಹೇಳಿದ್ರು."

"ಮಣ್ಣಿನ ಮಾತು ಆಮೇಲೆ. ಕೇಳಿದ್ದಕ್ಕೆ ಹೇಳಿ."

ಅವಳು ತಮ್ಮನ ಕಡೆ ತಿರುಗಿದಳು. ಅವನು ತಲೆ ಎತ್ತಲಿಲ್ಲ. ಅಧಿಕಾರಿ ಬಗ್ಗಿ ಗೋಡೆಯನ್ನು ಹತ್ತಿರದಿಂದ ನೋಡಿದರು, ಒಂದು ಇಟ್ಟಿಗೆಯನ್ನು ಬೆರಳಿಂದ ಮುಟ್ಟಿದರು. "ಪರವಾಗಿಲ್ಲ, ಒಳ್ಳೆ ಕೈ ನಿಮ್ಮದು," ಎಂದರು. ಮಣ್ಣಿನ ಮಾತು ಆಮೇಲೂ ಬರಲಿಲ್ಲ. ತಪ್ಪು ಸತ್ತವನದೇ ಎಂದಾಯಿತು.

ಮೆಟ್ಟಿಲ ಬಳಿ ಅವಳು ತಮ್ಮನನ್ನು ತಡೆದು ನಿಲ್ಲಿಸಿದಳು. "ಮೊದಲ ದಿನ ಬಂದಾಗಲೇ ಇದು ನಿನ್ನ ಮನಸ್ಸಲ್ಲಿತ್ತಾ?"

"ಮೊದಲ ದಿನ ಇರಲಿಲ್ಲಕ್ಕ. ಆಣೆಗೂ ಇರಲಿಲ್ಲ," ಎಂದ. "ಆಮೇಲೆ ಕಂಟ್ರಾಕ್ಟರ್ ಕರೆಸಿದ್ರು. ಅವರು ಕಟ್ಟೋ ಕಟ್ಟಡದ ಮಾದರಿಗಳೆಲ್ಲ ಇನ್ನು ನನಗೇ ಅಂತೆ. ಭಾವನಿಗೇನು, ಹೋದೋರು ಹೋದ್ರು. ಒಳ್ಳೆ ಹೆಸರು ಇಟ್ಕೊಂಡು ಮಣ್ಣೊಳಗೆ ಏನು ಮಾಡ್ತಾರೆ? ನಾವು ಬದುಕಬೇಕಲ್ಲ."

ಅವಳು ಅವನ ಕೆನ್ನೆಗೆ ಹೊಡೆದಳು. ಅವನು ಹೊಡೆಸಿಕೊಂಡು ನಿಂತ. ಬಾಗಿಲಲ್ಲಿದ್ದ ಜವಾನ ನಕ್ಕ. ಇನ್ನೊಮ್ಮೆ ಎತ್ತಿದ ಕೈ ಅರ್ಧಕ್ಕೇ ಸೋತು ಇಳಿಯಿತು.

ಮನೆಗೆ ಬಂದು ಅತ್ತೆಯ ಮುಂದೆ ಕೂತು ಎಲ್ಲವನ್ನೂ ತಾನೇ ಹೇಳಿದಳು. ಇನ್ನೊಬ್ಬರ ಬಾಯಿಂದ ಕೇಳುವುದು ಬೇಡವೆಂದು. ಅತ್ತೆ ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

"ಗೋಡೆ ನನ್ನ ಮಗನ ಪ್ರಾಣ ಒಂದೇ ತಗೊಂಡಿತ್ತು," ಎಂದಳು. "ಮಾನ ಉಳಿದಿತ್ತು. ಅದನ್ನ ನೀನು ತೆಗೆದೆ."

"ನನಗೆ ಗೊತ್ತಿರಲಿಲ್ಲ ಅತ್ತೆ."

"ಕೈಗೆ ಗೊತ್ತಿತ್ತಲ್ಲ. ಬೂದಿ ಬಣ್ಣ ಅಂತ ಬಾಯಿಬಿಟ್ಟು ಹೇಳಿದೋಳು ನೀನೇ. ಬಿಳಿ ಕಲಸಿದೋಳೂ ನೀನೇ."

ಅಂದಿನಿಂದ ಅತ್ತೆ ಅವಳನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು "ಬಣ್ಣದೋಳೇ" ಎನ್ನತೊಡಗಿದಳು. ನೀರು ತಾರೇ ಬಣ್ಣದೋಳೇ. ದೀಪ ಆರಿಸೇ ಬಣ್ಣದೋಳೇ. ಓಣಿಯ ಮಕ್ಕಳು ಕಲಿತರು. ಗಂಡನ ಜೊತೆ ಕೆಲಸ ಮಾಡಿದವರು ಎದುರಾದರೆ ರಸ್ತೆಯ ಆ ಬದಿಗೆ ದಾಟತೊಡಗಿದರು. ಬೇರೆಲ್ಲಿಗಾದರೂ ಹೋಗೋಣವೆಂದರೆ ತವರೆಂದು ಉಳಿದದ್ದು ತಮ್ಮನ ಮನೆ ಮಾತ್ರ.

ಸ್ವಲ್ಪ ಕಾಲ ಕಳೆದ ಮೇಲೆ ತಮ್ಮ ಒಂದು ಪೆಟ್ಟಿಗೆ ಕಳಿಸಿದ. ತಂದವನು ಬಾಗಿಲಲ್ಲೇ ನಿಂತು, ಒಳಗೆ ಹತ್ತು ಮನೆಗಳ ಸಾಲಿದೆ, ಬಣ್ಣ ಹಚ್ಚಿಕೊಟ್ಟರೆ ಕೂಲಿ ಕೊಡುತ್ತಾರಂತೆ ಎಂದ. ಅವಳು ಒಳಗಿನಿಂದಲೇ, "ವಾಪಸ್ ತಗೊಂಡು ಹೋಗಪ್ಪ," ಎಂದಳು.

ಅತ್ತೆ ಎದ್ದು ಹೋಗಿ ಪೆಟ್ಟಿಗೆಯನ್ನು ಇಳಿಸಿಕೊಂಡಳು. "ಹಚ್ತಾಳೆ ಅಂತ ಹೇಳು," ಎಂದು ಅವನನ್ನು ಕಳಿಸಿ ಬಾಗಿಲು ಹಾಕಿದಳು. ಪ್ಲಾಸ್ಟರಿನ ಮನೆಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟಳು. ಬಟ್ಟಲಿನಲ್ಲಿ ನೀರು ತಂದಿಟ್ಟಳು.

"ನನ್ನ ಮಗನ್ನ ತಿಂದ ಕೈ," ಎಂದಳು. "ಇನ್ನು ನನಗೆ ಅನ್ನ ಹಾಕಲಿ. ಕೂತ್ಕೋ."

ಸೊಸೆ ಕೂತಳು. ಅತ್ತೆ ಅವಳ ಎದುರಿಗೆ, ಕೈ ಸರಿಯಾಗಿ ಕಾಣುವಷ್ಟು ಹತ್ತಿರದಲ್ಲಿ, ಕಾಲು ಚಾಚಿಕೊಂಡು ಕೂತಳು.