ಊರು ಹತ್ತು ಹೋಳಾದದ್ದು

ಹಳ್ಳಿ ಎಂದರೆ ಒಳಗಿನವರಿಗೆ ಸಿಟ್ಟು, ಪಟ್ಟಣ ಎಂದರೆ ಹೊರಗಿನವರಿಗೆ ನಗು. ಅಂಥದೊಂದು ಊರಿಗೆ ಒಂದು ಬೇಸಿಗೆಯಲ್ಲಿ ರಾಜಧಾನಿಯಿಂದ ಆದೇಶ ಬಂತು. ಊರನ್ನು ಹತ್ತು ವಾರ್ಡುಗಳಾಗಿ ವಿಂಗಡಿಸಬೇಕು. ವಾರ್ಡಿಗೊಬ್ಬರಂತೆ ಹತ್ತು ಸದಸ್ಯರು ಕೂತು ಊರಿನ ನೀರು, ದೀಪ, ಚರಂಡಿ ನೋಡಿಕೊಳ್ಳಬೇಕು. ಗೆರೆ ಎಳೆಯುವ ಕೆಲಸ ಮೋಜಿಣಿದಾರ ನಿರ್ವಾಣಪ್ಪನ ಪಾಲಿಗೆ ಬಂತು.

ನಿರ್ವಾಣಪ್ಪ ಇಪ್ಪತ್ತೆಂಟು ವರ್ಷ ಸರಪಳಿ ಹಿಡಿದು ಊರವರ ಹೊಲಗದ್ದೆ ಅಳೆದವನು. ಅಷ್ಟು ವರ್ಷದಲ್ಲಿ ಯಾರಿಗೂ ಆಗುವುದಿಲ್ಲ ಎಂದವನಲ್ಲ. ‘ನೋಡೋಣ’ ಎನ್ನುತ್ತಿದ್ದ, ಕೇಳಿದವರು ಅದನ್ನು ತಮಗೆ ಹಿತವಾಗುವಂತೆ ಅರ್ಥ ಮಾಡಿಕೊಂಡು ಹೋಗುತ್ತಿದ್ದರು. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಅದನ್ನೂ ಯಾರ ಕಣ್ಣಿಗೂ ಬೀಳದೆ ಕಳೆದುಬಿಟ್ಟರೆ ಸಾಕೆಂಬುದು ಅವನ ಆಸೆ.

ಊರಿನಲ್ಲಿ ದೊಡ್ಡ ಮನೆಗಳು ಮೂರು. ಗೌಡರದು, ಸಾಹುಕಾರರದು, ವಕೀಲರದು. ಮೂರೂ ದೊಡ್ಡಬೀದಿಯಲ್ಲೇ ಇದ್ದವು. ಗೋಡೆಗೆ ಗೋಡೆ ತಾಗಿತ್ತು, ಮುಖಕ್ಕೆ ಮುಖ ತಾಗುತ್ತಿರಲಿಲ್ಲ. ದೊಡ್ಡಬೀದಿಗೆ ಚರಂಡಿ ಇರಲಿಲ್ಲ. ಆದರೆ ಇಳಿಜಾರು ಇತ್ತು. ಅಲ್ಲಿಯ ಕೊಚ್ಚೆಯೆಲ್ಲ ಹರಿದು ಕೆಳಗಿನ ಕುಂಬಾರಗೇರಿಯಲ್ಲಿ ನಿಲ್ಲುತ್ತಿತ್ತು. ಕುಂಬಾರಗೇರಿಯವರು ಬಾಗಿಲ ಮುಂದೆ ಕಲ್ಲು ಜೋಡಿಸಿಕೊಂಡು, ಕಲ್ಲಿನಿಂದ ಕಲ್ಲಿಗೆ ಹಾರಿ ಓಡಾಡುತ್ತಿದ್ದರು.

ಆದೇಶ ಬಂದ ವಾರದಲ್ಲೇ ಗೌಡರು ನಿರ್ವಾಣಪ್ಪನ ಕಚೇರಿಗೆ ಬಂದರು.

“ನನ್ನ ವಾರ್ಡು ಚೊಕ್ಕಟವಾಗಿರಬೇಕು ನಿರ್ವಾಣಪ್ಪ. ಕುಂಬಾರಗೇರಿ ಬೇಡ. ನಮ್ಮ ಎಮ್ಮೆ ನುಗ್ಗಿ ಅವರ ಮಡಕೆ ಒಡೆದದ್ದನ್ನ ಅವರಿನ್ನೂ ಮರೆತಿಲ್ಲ.”

“ನೋಡೋಣ ಗೌಡರೇ,” ಎಂದು ನಿರ್ವಾಣಪ್ಪ ಗೆರೆಯನ್ನು ಇತ್ತ ಸರಿಸಿದ.

ಮರುದಿನ ಸಾಹುಕಾರರು ಬಂದರು. ಅವರದು ಮೆದು ಮಾತು. “ಹಳೆಪೇಟೆಯವರು ಒಳ್ಳೆಯ ಜನ. ಆದರೆ ನಮ್ಮ ಅಂಗಡಿಯಿಂದ ಸಾಮಾನು ಒಯ್ದು ಮನೆಯಲ್ಲಿ ಮತ್ತೊಮ್ಮೆ ತೂಗುತ್ತಾರೆ. ಅಂಥ ಸಂಶಯದ ಮಂದಿ ನನ್ನ ವಾರ್ಡಿಗೆ ಯಾಕೆ?” ಹಳೆಪೇಟೆಯೂ ಹೊರಗೆ ಹೋಯಿತು.

ವಕೀಲರ ಸಂಗತಿ ಇನ್ನೂ ಸೂಕ್ಷ್ಮ. ಕೇಸು ಸೋತವರಿಗೆಲ್ಲ ಅವರ ಮೇಲೆ ಸಿಟ್ಟು. ಗೆಲ್ಲಿಸಿಕೊಟ್ಟವರ ಎದುರಾಳಿಗಳಿಗೆ ಇನ್ನೂ ಸಿಟ್ಟು. ಇಬ್ಬರನ್ನೂ ತೆಗೆದ ಮೇಲೆ ರಾಜಿಯಾದವರು ಉಳಿದರು. “ಅವರೂ ಬೇಡ,” ಎಂದರು ವಕೀಲರು. “ರಾಜಿಯಾದವರಿಗೆ ವಕೀಲ ಯಾಕೆ ಬೇಕಿತ್ತು ಅನ್ನಿಸಿರುತ್ತದೆ.”

ಮೂವರೂ ಅಷ್ಟಕ್ಕೆ ನಿಲ್ಲಲಿಲ್ಲ. ಮನೆಗೆ ಹೋಗಿ ಊಟ ಮಾಡಿ ಎಲೆಯಡಿಕೆ ಹಾಕಿಕೊಂಡಾಗ ಇನ್ನೊಬ್ಬ ಆಗದವನ ನೆನಪಾಗುತ್ತಿತ್ತು. ಬೆಳಗ್ಗೆ ಮತ್ತೆ ಬರುತ್ತಿದ್ದರು. ಗೌಡರು ಒಂಬತ್ತನೆಯ ಸಲ ಬಂದು ತಮ್ಮ ಸ್ವಂತ ತಮ್ಮನ ಮನೆಯನ್ನೇ ತೆಗೆಸಿದರು. ಕೊನೆಗೆ ಗೌಡರ ಗೆರೆಯೊಳಗೆ ಅವರ ಬಳಗ, ಆಳುಕಾಳು ಸೇರಿ ನೂರ ಅರವತ್ತು ಜನ ಉಳಿದರು. ಸಾಹುಕಾರರಿಗೆ ನೂರ ಮೂವತ್ತು, ವಕೀಲರಿಗೆ ನೂರ ಹತ್ತು. ಮೂವರೂ ತಮ್ಮ ತಮ್ಮ ಗೆರೆಯನ್ನು ಬೆರಳಾಡಿಸಿ ನೋಡಿ, ‘ಇದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ’ ಎಂದು ಬರೆದು ಸಹಿ ಮಾಡಿದರು. ಪಕ್ಕದವನ ಗೆರೆಯನ್ನು ಯಾರೂ ನೋಡಲಿಲ್ಲ. ನೋಡಿದರೆ ಅವನಿಗೆ ಮರ್ಯಾದೆ ಕೊಟ್ಟಂತಾಗುತ್ತಿತ್ತು.

ಕುಂಬಾರಗೇರಿಯ ಹಾಲಮ್ಮ ಕಚೇರಿಯ ಎದುರು ಮಂಡಕ್ಕಿ ಒಗ್ಗರಣೆ ಮಾರುತ್ತಿದ್ದಳು. ಗಂಡನಿಲ್ಲದ ಹೆಂಗಸು, ಮಾತು ಕಡಿಮೆ, ಕೈಗುಣ ಹೆಚ್ಚು. ದೊಡ್ಡಬೀದಿಯ ಮೂರು ಮನೆಗೂ ಸಂಜೆಯ ಮಂಡಕ್ಕಿ ಅವಳದೇ. ಅವತ್ತು ನಿರ್ವಾಣಪ್ಪನಿಗೆ ಪೊಟ್ಟಣ ಕೊಡಲು ಬಂದವಳು ನಕ್ಷೆಯ ಮೇಲೆ ಬಗ್ಗಿದಳು.

“ನಮ್ಮ ಗೇರಿ ಎಲ್ಲಿ ಬಂತು ಸ್ವಾಮಿ?”

ನಿರ್ವಾಣಪ್ಪನಿಗೆ ತಲೆ ಎತ್ತಲಾಗಲಿಲ್ಲ. “ಇನ್ನೂ ಎಲ್ಲಿಗೂ ಹಾಕಿಲ್ಲ ಹಾಲಮ್ಮ. ಯಾರಿಗೂ ಬೇಡವಂತೆ.”

“ಹಂಗೆ ಬೇಡವಾದವರು ಒಟ್ಟು ಎಷ್ಟು ಜನ ಆಗ್ತೀವಿ?”

ಅವಳು ಕುತೂಹಲಕ್ಕೆ ಕೇಳಿದ್ದಳು. ನಿರ್ವಾಣಪ್ಪ ಲೆಕ್ಕ ಹಾಕಿದ. ಊರಿನ ಜನ ನಾಲ್ಕು ಸಾವಿರ; ಬೇಡವಾದವರು ಮೂರು ಸಾವಿರದ ಆರುನೂರು. ಆದೇಶವನ್ನು ತೆಗೆದು ಮೊದಲಿನಿಂದ ಓದಿದ. ಪ್ರತಿ ವಾರ್ಡಿನಲ್ಲೂ ಜನ ಸಮನಾಗಿರತಕ್ಕದ್ದು, ಅಂದರೆ ನಾನೂರು. ಅದಕ್ಕಿಂತ ತೀರ ಕಡಿಮೆಯಾದ ತುಂಡುಗಳನ್ನು ಅಕ್ಕಪಕ್ಕದ ತುಂಡಿನೊಂದಿಗೆ ಕೂಡಿಸತಕ್ಕದ್ದು. ನೂರ ಅರವತ್ತು, ನೂರ ಮೂವತ್ತು, ನೂರ ಹತ್ತು. ಕೂಡಿಸಿದ. ಸರಿಯಾಗಿ ನಾನೂರು ಬಂತು.

ಅವನು ಹಾಲಮ್ಮನ ಪೊಟ್ಟಣ ಬಿಚ್ಚಿದ. ಮೂವರ ಮನೆಗೂ ಹೋಗಿ ತಿಳಿಸಬಹುದಿತ್ತು. ತಿಳಿಸಿದರೆ ಗೆರೆಗಳು ಮತ್ತೆ ಸರಿಯುತ್ತಿದ್ದವು. ತಿಳಿಸದಿದ್ದರೆ ಅವನನ್ನು ಗಡಿಯಾಚೆಗೆ ವರ್ಗ ಮಾಡಿಸುವುದು ಆ ಮೂವರಿಗೆ ಒಂದು ಬೆಳಗಿನ ಕೆಲಸ. ಮಂಡಕ್ಕಿ ತಿಂದು ಮುಗಿಸಿ ಕೈ ಒರೆಸಿಕೊಂಡ. ಬೇಡವಾದವರನ್ನು ಒಂಬತ್ತು ವಾರ್ಡು ಮಾಡಿ, ದೊಡ್ಡಬೀದಿಯ ಮೂರು ತುಂಡನ್ನು ಹತ್ತನೆಯದೊಂದರಲ್ಲಿ ತುಂಬಿ, ಮೂರು ಸಹಿಗಳನ್ನೂ ಲಗತ್ತಿಸಿ ಮೇಲಕ್ಕೆ ಕಳಿಸಿದ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಅವನು ಯಾರಿಗೋ ಆಗುವುದಿಲ್ಲ ಎಂದಿದ್ದ. ಅದನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

ಆಕ್ಷೇಪಣೆಗೆ ಹದಿನೈದು ದಿನ ಅವಕಾಶವಿತ್ತು. ತಾವೇ ಒಪ್ಪಿದ ಗೆರೆಗೆ ಯಾರು ಆಕ್ಷೇಪಣೆ ಸಲ್ಲಿಸುತ್ತಾರೆ? ಹದಿನಾರನೆಯ ದಿನ ವಾರ್ಡುಗಳ ಅಂತಿಮ ಪಟ್ಟಿ ಕಚೇರಿಯ ಬಾಗಿಲಿಗೆ ಬಿತ್ತು. ಗೌಡರು ಓದಿಸಿ ಕೇಳಿದರು. ಸಾಹುಕಾರರು ಕನ್ನಡಕ ಒರೆಸಿ ಓದಿದರು. ವಕೀಲರು ಕಾನೂನಿನಲ್ಲಿ ಸಂದು ಹುಡುಕಿದರು. ಅಡ್ಡ ನಿಂತದ್ದು ಅವರದೇ ಸಹಿ. ಹತ್ತು ಕುರ್ಚಿಯಲ್ಲಿ ಮೂವರಿಗೂ ಸೇರಿ ಒಂದು ಕುರ್ಚಿ ಬಂದಿತ್ತು.

ನಿರ್ವಾಣಪ್ಪ ವರ್ಗದ ಕಾಗದಕ್ಕೆ ಕಾಯುತ್ತ ಟ್ರಂಕು ಕಟ್ಟಿಟ್ಟ. ಆದರೆ ಮನಸ್ಸು ಹಗುರವಾಗಿತ್ತು. ನಾಲ್ಕನೆಯ ವಾರ್ಡಾಗಿದ್ದ ಕುಂಬಾರಗೇರಿಗೆ ತಾನೇ ಹೋಗಿ ಹೇಳಿದ: “ನಿಮ್ಮ ಪೈಕಿ ಒಬ್ಬರು ನಿಲ್ಲಿ. ತಡೆಯೋರು ಯಾರೂ ಇಲ್ಲ.”

“ನಾನು ನಿಲ್ಲಲಾ?” ಎಂದಳು ಹಾಲಮ್ಮ. “ಈ ಕೊಚ್ಚೆಯೊಂದನ್ನ ಕಳೆಯೋಣ ಅಂತ.”

ಗೇರಿಯ ಜನ ನಗಲಿಲ್ಲ, ಬೈಯಲಿಲ್ಲ. ಹಿರಿಯ ಬಸಲಿಂಗಪ್ಪ ಮುಖ ಚಿಕ್ಕದು ಮಾಡಿಕೊಂಡು, “ಅಲ್ಲಮ್ಮಾ ಹಾಲಮ್ಮ, ನಾಳೆ ನಾವು ನಿನ್ನ ಮುಂದೆ ಕೈ ಕಟ್ಟಿ ನಿಲ್ಲಬೇಕಾ?” ಎಂದ. “ಮೆಂಬರು ಅಂದ್ರೆ ನೋಡಿದ ಕೂಡಲೆ ಮೆಂಬರು ಅನ್ನಿಸಬೇಕು,” ಎಂದ ಇನ್ನೊಬ್ಬ. ವಾದ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಅವರು ಹಾರ ಹಿಡಿದು ಗೌಡರ ಮನೆಗೆ ಹೋದರು.

“ನೀವು ನಮ್ಮನ್ನ ಬಿಟ್ಟಿರಬಹುದು ಗೌಡರೇ, ನಾವು ನಿಮ್ಮನ್ನ ಬಿಡೋ ಹಂಗಿಲ್ಲ. ನಮ್ಮ ವಾರ್ಡಿಗೆ ಬಂದು ನಿಲ್ಲಬೇಕು.”

ಊರಿನ ಮತದಾರರು ಯಾವ ವಾರ್ಡಿನಲ್ಲಿ ಬೇಕಾದರೂ ಸ್ಪರ್ಧಿಸಬಹುದು ಎಂದು ಆದೇಶದಲ್ಲಿತ್ತು. ಗೌಡರು ಕಣ್ಣು ಮುಚ್ಚಿ ಯೋಚಿಸಿದರು. ಆ ಕೊಚ್ಚೆಯಲ್ಲಿ ಓಟು ಕೇಳುತ್ತ ತಿರುಗುವುದು ಅವರಿಗೆ ಆಗದು. “ನನ್ನ ಎರಡನೆಯ ಅಳಿಯನನ್ನ ಕೊಡ್ತೀನಿ,” ಎಂದರು. ಗೇರಿಯವರಿಗೆ ಕಣ್ಣಲ್ಲಿ ನೀರು ಬಂತು.

ಸುದ್ದಿ ಹರಡಿದ್ದೇ ತಡ, ಉಳಿದ ವಾರ್ಡುಗಳೂ ಎಚ್ಚೆತ್ತವು. ಹಳೆಪೇಟೆಯವರು ಸಾಹುಕಾರರ ಮಗನನ್ನು ಬೇಡಿ ತಂದರು. ಕೇಸು ಸೋತವರು ವಕೀಲರ ಗುಮಾಸ್ತನನ್ನು, ರಾಜಿಯಾದವರು ವಕೀಲರ ಭಾವಮೈದುನನನ್ನು ಒಯ್ದರು. ತಡವಾಗಿ ಬಂದ ವಾರ್ಡಿನವರಿಗೆ ಸೋದರಳಿಯನೊಬ್ಬ ಸಿಕ್ಕಿದ. ಅದಕ್ಕೇ ಅವರು ದಿಬ್ಬಣದಂತೆ ಮೆರವಣಿಗೆ ಮಾಡಿದರು. ಒಂಬತ್ತೂ ವಾರ್ಡುಗಳನ್ನು ಮೂರು ಮನೆಯವರೇ ತುಂಬಿದರು.

ತೊಂದರೆಯಾದದ್ದು ಹತ್ತನೆಯದಕ್ಕೆ. ಗೌಡರು ನಿಂತರೆ ಸಾಹುಕಾರರು ಒಪ್ಪರು, ಸಾಹುಕಾರರು ನಿಂತರೆ ವಕೀಲರು ಬಿಡರು. ನಲವತ್ತು ವರ್ಷದಲ್ಲಿ ಮೊದಲ ಸಲ ಮೂವರೂ ಒಂದು ಜಮಖಾನದ ಮೇಲೆ ಕೂತರು. ಎದುರಿಗೆ ಹಾಲಮ್ಮನ ಮಂಡಕ್ಕಿ ಇತ್ತು.

“ನಾನಿಲ್ಲದಿದ್ದರೆ ನೀವೂ ಬೇಡ,” ಎಂದರು ಗೌಡರು.

“ಯಾರೂ ಅಲ್ಲದವರು ಒಬ್ಬರು ಬೇಕು,” ಎಂದರು ವಕೀಲರು.

ಸಾಹುಕಾರರು ಮಂಡಕ್ಕಿ ಬಾಯಿಗೆ ಹಾಕಿಕೊಂಡರು. “ಈ ಹಾಲಮ್ಮನೇ ಆಗಬಹುದಲ್ಲ. ಮೂರು ಮನೆಗೂ ಒಂದೇ ಅಳತೆ ಕೊಡ್ತಾಳೆ.”

ಹೀಗೆ ಹಾಲಮ್ಮ ದೊಡ್ಡಬೀದಿಯಿಂದ ಅವಿರೋಧವಾಗಿ ಆರಿಸಿ ಬಂದಳು. ನಿರ್ವಾಣಪ್ಪನ ವರ್ಗದ ಕಾಗದ ಬರಲೇ ಇಲ್ಲ. ಅವನ ಮೇಲೆ ಯಾರಿಗೂ ಸಿಟ್ಟು ಉಳಿದಿರಲಿಲ್ಲ. ಗೌಡರಂತೂ ದಾರಿಯಲ್ಲಿ ಸಿಕ್ಕಾಗ ಅವನ ಬೆನ್ನು ತಟ್ಟಿದರು. ಆ ದಿನ ಅವನಿಗೆ ಊಟ ಸೇರಲಿಲ್ಲ.

ಮೊದಲ ಸಭೆಯಲ್ಲಿ ಹಾಲಮ್ಮ ಎದ್ದುನಿಂತು ಚರಂಡಿ ಕೇಳಿದಳು. ಬೀದಿ ದೊಡ್ಡಬೀದಿ, ಕೂತವರೆಲ್ಲ ಆ ಬೀದಿಯವರೇ, ಒಕ್ಕೊರಲಿನಿಂದ ಮಂಜೂರಾಯಿತು. “ಅದನ್ನ ಕುಂಬಾರಗೇರಿ ದಾಟಿಸಿ ಹಳ್ಳಕ್ಕೆ ಮುಟ್ಟಿಸಬೇಕು,” ಎಂದಳು. ನಿಯಮದ ಪ್ರಕಾರ ಸದಸ್ಯರು ತಮ್ಮ ವಾರ್ಡಿಗೆ ಮಾತ್ರ ಕೇಳತಕ್ಕದ್ದು. ನಾಲ್ಕನೆಯ ವಾರ್ಡಿನ ಸದಸ್ಯರು ಕೇಳಲಿ ಎಂದಾಗ, ಗೌಡರ ಅಳಿಯ ಆ ದಿನ ಬಂದಿರಲಿಲ್ಲ. ಮುಂದಿನ ಸಭೆಗೂ ಬರಲಿಲ್ಲ. ದೊಡ್ಡಬೀದಿಗೆ ಚಪ್ಪಡಿ ಹಾಸಿದ ಅಂದದ ಚರಂಡಿ ಆಯಿತು. ವಾರ್ಡಿನ ಗಡಿ ಮುಗಿದಲ್ಲಿ ಚರಂಡಿಯೂ ಮುಗಿಯಿತು. ಮೊದಲು ಹರಡಿಕೊಂಡು ನಿಧಾನವಾಗಿ ಬರುತ್ತಿದ್ದ ನೀರು ಈಗ ನೆಟ್ಟಗೆ, ವೇಗವಾಗಿ ಕುಂಬಾರಗೇರಿಗೆ ಇಳಿಯತೊಡಗಿತು.

ತಿಂಗಳೊಪ್ಪತ್ತಿನಲ್ಲಿ ಬಸಲಿಂಗಪ್ಪ ಹತ್ತು ಜನರನ್ನು ಕಟ್ಟಿಕೊಂಡು ನಿರ್ವಾಣಪ್ಪನ ಕಚೇರಿಗೆ ಬಂದ. ಕೈಯಲ್ಲಿ ಗೇರಿಯವರೆಲ್ಲ ಹೆಬ್ಬೆಟ್ಟು ಒತ್ತಿದ ಅರ್ಜಿಯಿತ್ತು. ಕುಂಬಾರಗೇರಿಯನ್ನು ನಾಲ್ಕನೆಯ ವಾರ್ಡಿನಿಂದ ತೆಗೆದು ಹತ್ತನೆಯದಕ್ಕೆ ಸೇರಿಸಬೇಕೆಂದು ಬರೆದಿತ್ತು.

“ಯಾಕೆ?” ಎಂದ ನಿರ್ವಾಣಪ್ಪ.

“ಆ ವಾರ್ಡಿನ ಮೆಂಬರು ನಮ್ಮ ಗೇರಿಯಲ್ಲೇ ಇರೋದು ಸ್ವಾಮಿ. ಕೂಗಿದರೆ ಕೇಳ್ತಾರೆ. ನಮ್ಮ ಕಷ್ಟ ಬಲ್ಲ ಹೆಂಗಸು.”

“ಅವಳು ನಿಮ್ಮಲ್ಲೇ ನಿಲ್ತೀನಿ ಅಂದಿದ್ದಳಲ್ಲ ಬಸಲಿಂಗಪ್ಪ.”

ಬಸಲಿಂಗಪ್ಪ ಹಿಂದಿದ್ದವರ ಮುಖ ನೋಡಿದ. ಅವರು ಇವನ ಮುಖ ನೋಡಿದರು. “ಆಗ ಅವಳು ಬರೀ ಹಾಲಮ್ಮ ಆಗಿದ್ದಳು ಸ್ವಾಮಿ,” ಎಂದ.

ಗೆರೆ ಇನ್ನು ಬದಲಾಗುವುದು ಮುಂದಿನ ಜನಗಣತಿ ಆದಮೇಲೆ, ಅದಕ್ಕೆ ಹತ್ತು ವರ್ಷ ಇದೆ ಎಂದು ನಿರ್ವಾಣಪ್ಪ ತಿಳಿಸಿ ಹೇಳಿದ. ಅವರು ತಮ್ಮತಮ್ಮಲ್ಲೇ ಪಿಸುಮಾತಿನಲ್ಲಿ ವಿಚಾರ ಮಾಡಿದರು.

“ಅಡ್ಡಿಯಿಲ್ಲ,” ಎಂದ ಬಸಲಿಂಗಪ್ಪ, ಹೆಗಲ ಮೇಲಿನ ವಲ್ಲಿ ತೆಗೆದು ಕಚೇರಿಯ ಜಗಲಿಯ ಮೇಲೆ ಹಾಸುತ್ತ. “ಕಾಯ್ತೀವಿ.”