ಪೆಟ್ಟಿಗೆ ಖಾಲಿ ಬಂದ ವಾರ

ಶಿರಸಿಯಲ್ಲಿ ದಿನಕರ ಹೆಗಡೆಯವರು ನಡೆಸುವ ಸಂಗ್ರಹಾಲಯ ದೊಡ್ಡದೇನಲ್ಲ. ಅವರ ಮನೆಯ ಮುಂಭಾಗದ ಎರಡು ಕೋಣೆ, ಒಂದು ಉದ್ದನೆಯ ಜಗಲಿ, ಅಷ್ಟೇ. ಆದರೆ ಸುತ್ತಲಿನ ಊರುಗಳ ಅಡುಗೆಮನೆ, ಕೊಟ್ಟಿಗೆ, ಕಣ ಎಲ್ಲ ಅಲ್ಲಿಗೆ ಬಂದು ಕೂತಂತಿದೆ. ಒನಕೆ, ಭತ್ತ ಅಳೆಯುವ ಕೊಳಗ, ಒಂದೇ ಮರ ಕೊರೆದು ಮಾಡಿದ ಮರಿಗೆ, ಸುಣ್ಣದ ಡಬ್ಬಿ, ಅಡಕತ್ತರಿ, ಓಲೆಗರಿಯ ಕಟ್ಟುಗಳು. ಪ್ರಾಯದಲ್ಲಿ ಅವರು ಊರೂರು ತಿರುಗಿ, ಮನೆಮನೆಯ ಮೆಟ್ಟಿಲು ಹತ್ತಿ ಕೇಳಿ ತಂದದ್ದು. ಬೆಳಿಗ್ಗೆ ಬೀಗ ತೆಗೆಯುವ ಮೊದಲು ದಿನಕರಣ್ಣ ಕಾಲು ತೊಳೆಯುತ್ತಾರೆ. ದೇವರ ಕೋಣೆಗೆ ಹೋಗುವವರ ಹಾಗೆ.

ಮಕ್ಕಳಿಗೆ ಇದನ್ನೆಲ್ಲ ತೋರಿಸಿ ಹೇಳುವ ಕೆಲಸ ಚೇತನಾಳದ್ದು. ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ಕೈಯನ್ನು ಹಿಂದೆ ಕಟ್ಟಿಕೊಂಡು ಗಾಜಿನ ಮುಂದೆ ಸಾಲಾಗಿ ಹಾದು ಹೋಗುತ್ತಿದ್ದರು. ಮುಟ್ಟಬೇಡಿ, ಮುಟ್ಟಬೇಡಿ ಎಂದು ಹೇಳಿ ಹೇಳಿ ಅವಳಿಗೇ ತನ್ನ ಬಾಯಿಯ ಮೇಲೆ ಬೇಸರ ಬಂದಿತ್ತು. ಬಸ್ಸು ಮಾಡಿಕೊಂಡು ಶಿರಸಿಗೆ ಬರಲಾಗದ ಶಾಲೆಗಳಂತೂ ಎಷ್ಟೋ. ಹಾಗಾಗಿ ಅವಳು ಒಂದು ಪೆಟ್ಟಿಗೆಯ ಯೋಚನೆ ಮಾಡಿದಳು. ಕೊಳಗ, ಮರಿಗೆ, ಸುಣ್ಣದ ಡಬ್ಬಿ, ಇನ್ನೂ ನಾಲ್ಕಾರು ಸಾಮಾನನ್ನು ತಗಡಿನ ಪೆಟ್ಟಿಗೆಯಲ್ಲಿ ಹಾಕಿ ಸಿದ್ದಾಪುರ, ಯಲ್ಲಾಪುರದ ಶಾಲೆಗಳಿಗೆ ಒಯ್ಯುವುದು. ಒಂದು ವಾರ ಅಲ್ಲೇ ಬಿಡುವುದು. ಮಕ್ಕಳು ಮುಟ್ಟಲಿ, ಮೂಸಲಿ, ಮರಳು ತುಂಬಿ ಅಳೆಯಲಿ. ಇಡೀ ಮಳೆಗಾಲ ಆಗದು ಎನ್ನುತ್ತಿದ್ದ ದಿನಕರಣ್ಣ, ಕೊನೆಗೆ ಸುಗ್ಗಿ ಮುಗಿಯುವ ಹೊತ್ತಿಗೆ ನೋಡೋಣ ಎಂದರು. ಅವಳಿಗೆ ಅಷ್ಟೇ ಸಾಕಿತ್ತು.

ಮೊದಲ ಸಲ ಪೆಟ್ಟಿಗೆ ಸಿದ್ದಾಪುರದ ಕಡೆಯ ಒಂದು ಶಾಲೆಗೆ ಹೋಗಿ ವಾಪಸ್ ಬಂತು. ಜಗಲಿಯ ಮೇಲಿಟ್ಟು ಮುಚ್ಚಳ ತೆಗೆದರೆ ಕೊಳಗದ ತುಂಬ ಅಕ್ಕಿ. ಮರಿಗೆಯಲ್ಲಿ ಕರಗಿ ನೀರಾಗುತ್ತಿದ್ದ ಒಂದು ಅಚ್ಚು ಬೆಲ್ಲ. ಸುಣ್ಣದ ಡಬ್ಬಿಯಲ್ಲಿ ಹೊಸ ಸುಣ್ಣ. ಬೆಲ್ಲದ ಮೇಲೆಲ್ಲ ಇರುವೆ.

"ಎಂತ ಚೇತನಾ ಇದು?" ದಿನಕರಣ್ಣ ಸಿಟ್ಟಿನಿಂದ ಕೇಳಿದರು. "ನಾನು ಕಳಿಸಿದ್ದು ಪ್ರದರ್ಶನದ ಸಾಮಾನು. ಬಂದದ್ದು ಬೀಗರ ಮನೆ ಬುತ್ತಿ!"

"ಪ್ರೀತಿಯಿಂದ ಹಾಕಿದಾರೆ ದಿನಕರಣ್ಣ. ಕಡ ತಂದ ಪಾತ್ರೆ ಖಾಲಿ ಕೊಡಬಾರದು ಅಂತ..."

"ಅದು ನನಗೂ ಗೊತ್ತು. ಹುಳಕ್ಕೆ ಗೊತ್ತಾ?"

ಅವರ ಸಿಟ್ಟಿಗೆ ಕಾರಣ ಇತ್ತು. ಸುರುವಿನ ವರ್ಷಗಳಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟ ಓಲೆಗರಿಯ ಕಟ್ಟೊಂದನ್ನು ಅವರು ಅಕ್ಕಿ ಮೂಟೆ ಇದ್ದ ಕೋಣೆಯಲ್ಲೇ ಇಟ್ಟಿದ್ದರು. ಮಳೆಗಾಲ ಕಳೆದು ಬಿಚ್ಚಿದರೆ ಗರಿಗಳ ತುಂಬ ತೂತು, ಬೆರಳಿಟ್ಟಲ್ಲಿ ಹಿಟ್ಟು. ಯಾವುದೋ ಕಾಲದವರು ದೀಪದ ಬೆಳಕಿನಲ್ಲಿ ಕೂತು ಬರೆದ ದೇವರ ಕತೆ, ಕೊಡವಿದರೆ ಗಾಳಿಗೆ ಹೋಯಿತು. ಅವತ್ತು ಅವರು ಊಟ ಮಾಡಲಿಲ್ಲ. ಅಂದಿನಿಂದ ಸಂಗ್ರಹಾಲಯದ ಒಳಗೆ ಒಂದು ಕಾಳು ತರಲು ಯಾರನ್ನೂ ಬಿಟ್ಟವರಲ್ಲ.

ಸಂಜೆಯೊಳಗೆ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಒಂದು ಕಾಗದ ಅಂಟಿತು. 'ಸಾಮಾನುಗಳನ್ನು ಖಾಲಿಯಾಗಿ, ಒರೆಸಿ ಹಿಂದಿರುಗಿಸತಕ್ಕದ್ದು.'

"ಇನ್ನೊಂದು ಸಲ ಹೀಗಾದರೆ ಪೆಟ್ಟಿಗೆ ಹೊರಗೆ ಹೋಗುವುದಿಲ್ಲ" ಎಂದರು ದಿನಕರಣ್ಣ. ಚೇತನಾ ತಲೆಯಾಡಿಸಿದಳು. ಆ ಶಾಲೆಯಲ್ಲಿ ಒಬ್ಬ ಹುಡುಗ ಕೊಳಗವನ್ನು ಎದೆಗೆ ಅಪ್ಪಿಕೊಂಡು ಕೂತಿದ್ದ. ಬಿಡಲೇ ಒಲ್ಲ. ಅದನ್ನು ಇವರಿಗೆ ಹೇಗೆ ಹೇಳುವುದು ಎಂದು ಅವಳಿಗೆ ತಿಳಿಯಲಿಲ್ಲ.

ಎರಡನೆಯ ಸಲ ಪೆಟ್ಟಿಗೆ ಹೋದದ್ದು ಯಲ್ಲಾಪುರದಾಚೆ, ಕಾಡು ತೆಳ್ಳಗಾಗಿ ಬಯಲು ಕಾಣಿಸಿಕೊಳ್ಳುವಲ್ಲಿಯ ಒಂದು ಶಾಲೆಗೆ. ಮಂಚಿಕೇರಿ ದಾಟಿದ ಮೇಲೆ ಬಸ್ಸಿನಲ್ಲಿ ಮಾತು ಬದಲಾಗುತ್ತ ಹೋಗುತ್ತದೆ. ಬನ್ನಿ ಅನ್ನುವವರು ಇಳಿದು, ಬರ್ರಿ ಅನ್ನುವವರು ಹತ್ತುತ್ತಾರೆ. ವಾರ ಕಳೆದು ಪೆಟ್ಟಿಗೆ ತರಲು ಚೇತನಾ ಹೋದಾಗ ಶಾಲೆಯ ಬಿಸಿಯೂಟದ ಅಡುಗೆಯವರು, ಸಾವಿತ್ರವ್ವ, ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು. ಮನೆಯಿಂದ ತಂದ ಅಕ್ಕಿ.

"ತಡೀರಿ ಬಾಯಾರ, ಕೊಳಗದಾಗ ಒಂದ್ ಮುಷ್ಟಿ ಹಾಕ್ತೀನಿ."

ಚೇತನಾ ಮುಚ್ಚಳದ ಕಾಗದ ತೋರಿಸಿದಳು. ಸಾವಿತ್ರವ್ವನಿಗೆ ಓದು ಬಾರದು. ಪಕ್ಕದಲ್ಲಿದ್ದ ಮುಖ್ಯ ಶಿಕ್ಷಕ ಉಲ್ಲಾಸ ಮಾಸ್ತರರು ಓದಿ ಹೇಳಿದರು. ಸಾವಿತ್ರವ್ವ ಮಾಸ್ತರರ ಮುಖ ನೋಡಿದರು, ಚೇತನಾಳ ಮುಖ ನೋಡಿದರು.

"ಖಾಲಿ ಕಳಸೂದೇನ್ರೀ? ಹಂಗ ಕಳಿಸಿದ್ರ, ಇನ್ನ ಬರಬ್ಯಾಡ್ರಿ ಅಂದಂಗ ಆಗತೈತಿ."

"ಹಾಗಲ್ಲ ಅವ್ವಾ, ಹುಳ ಬೀಳ್ತದೆ ಅಂತ."

"ಆತ್ರಿ ಹಂಗಾರ." ಅವರು ಸೆರಗಿನ ಗಂಟನ್ನು ಹಾಗೇ ಬಿಗಿ ಮಾಡಿಕೊಂಡು ಅಡುಗೆಕೋಣೆಗೆ ಹೋದರು. ಮಕ್ಕಳು ಪೆಟ್ಟಿಗೆಯನ್ನು ಬಸ್ಸಿನವರೆಗೆ ಹೊತ್ತು ತಂದರು. ಪೆಟ್ಟಿಗೆ ಬಂದ ದಿನ ಮಾಡಿದ ಗದ್ದಲ ಈಗ ಇರಲಿಲ್ಲ.

ನಾಲ್ಕು ದಿನ ಕಳೆದು ಉಲ್ಲಾಸ ಮಾಸ್ತರರ ಫೋನು ಬಂತು. ಅವರ ಸುತ್ತಿನ ಬೇರೆ ಶಾಲೆಗಳಿಗೂ ಪೆಟ್ಟಿಗೆ ಹೋಗಬೇಕಿತ್ತಲ್ಲ, ಅವರು ಬೇಡ ಅನ್ನುತ್ತಿದ್ದಾರಂತೆ. "ಸಿಟ್ಟಿಲ್ಲ ಮೇಡಂ. ಆದ್ರ ಖಾಲಿ ಪಾತ್ರಿ ಹೊರಗ ಕಳಸೋ ಕೆಲಸ ನಮ್ಮ ಕೈಲೆ ಮಾಡಸಬ್ಯಾಡ್ರಿ ಅಂತಾರ. ಊರಾಗ ಸುದ್ದಿ ಹಬ್ಬೇತಿ."

ಚೇತನಾ ಈ ಮಾತನ್ನು ದಿನಕರಣ್ಣನಿಗೆ ಮುಟ್ಟಿಸಿದಾಗ ಅವರು, "ಒಳ್ಳೆಯದೇ ಆಯಿತು" ಎಂದರು. "ತುಂಬಿ ಕೊಟ್ಟರೆ ನಮಗಾಗದು, ಖಾಲಿ ಕೊಟ್ಟರೆ ಅವರಿಗಾಗದು. ಸೋಮವಾರ ಸಾಮಾನನ್ನೆಲ್ಲ ಅವುಗಳ ಜಾಗಕ್ಕೆ ಇಟ್ಟುಬಿಡು. ಬೇಕಾದವರು ಇಲ್ಲಿಗೆ ಬಂದು ನೋಡಲಿ."

"ಅವರು ಬರಲಿಕ್ಕಾಗೂದಿಲ್ಲ ಅಂತಲೇ ಅಲ್ವಾ ದಿನಕರಣ್ಣ ನಾವು ಹೋದದ್ದು?"

ಅವರು ಗಾಜು ಒರೆಸತೊಡಗಿದರು. ಗಾಜು ಮೊದಲೇ ಸ್ವಚ್ಛವಾಗಿತ್ತು.

ಶನಿವಾರ ಬೆಳಿಗ್ಗೆ ಬಾಗಿಲ ಬಳಿ ಯಾರೋ ಕೆಮ್ಮಿದ ಸದ್ದಾಯಿತು. ನೋಡಿದರೆ ಸಾವಿತ್ರವ್ವ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಹಣ್ಣುಕಾಯಿಯ ತಟ್ಟೆ. ಮೊದಲ ಬಸ್ಸಿಗೆ ಬಂದು, ಮಾರಿಗುಡಿಗೆ ಹೋಗಿ, ಅಲ್ಲಿಂದ ದಾರಿ ಕೇಳುತ್ತ ಬಂದಿದ್ದರು.

"ಬನ್ನಿ ಅವ್ವಾ, ಬನ್ನಿ" ಎಂದು ಚೇತನಾ ಓಡಿದಳು. "ಇವರೇ ದಿನಕರಣ್ಣ, ನಾನು ಹೇಳಿದ್ನಲ್ಲ..."

ಸಾವಿತ್ರವ್ವ ತಟ್ಟೆಯಿಂದ ಒಂದು ಕಾಯಿಹೋಳು, ಹೂವು ತೆಗೆದು ದಿನಕರಣ್ಣನ ಕೈಗೆ ಹಾಕಿದರು. "ಪ್ರಸಾದ ತಗೋರಿ ಯಪ್ಪಾ. ಆಕಿ ತಾಯಿ ನೋಡ್ರಿ, ಎಷ್ಟ ಮಂದಿ ತಟ್ಟಿ ಒಯ್ದಿರ್ತಾರ, ಒಬ್ಬರ ತಟ್ಟೀನೂ ಖಾಲಿ ಕೊಡೂದಿಲ್ಲ."

ದಿನಕರಣ್ಣ ಹೂವನ್ನು ಕಣ್ಣಿಗೆ ಒತ್ತಿಕೊಂಡರು.

ಸಂಗ್ರಹಾಲಯ ನೋಡಿಯೇ ಬರ್ತೀನಿ ಎಂದು ಸಾವಿತ್ರವ್ವ ಒಳಗೆ ಹೋದರು. ಒನಕೆಯ ಮೇಲೆ ಬಿದ್ದಿದ್ದ ವಿದ್ಯುತ್ ಬೆಳಕು ನೋಡಿ ಸೆರಗು ಬಾಯಿಗಿಟ್ಟು ನಕ್ಕರು. "ಒನಕಿಗೆ ಲೈಟ್ ಹಾಕ್ಯಾರ! ನಮ್ಮತ್ತಿ ಇದ್ದಿದ್ರ, ನಾವು ಕತ್ತಲದಾಗ ಕುಟ್ಟಿದ್ವಿ, ಈಗ ಒನಕೀಗೆ ಲೈಟೇನು ಅಂತ ಜಗಳಾ ತಗೀತಿದ್ಲು." ಮರಿಗೆಯ ಸಾಲಿನ ಮುಂದೆ ಬಹಳ ಹೊತ್ತು ನಿಂತರು. "ಇವನ್ನ ಕೊಟ್ಟವರು ಅದಾರೇನ್ರೀ?"

"ಕೆಲವರು ಇದಾರೆ."

"ನೋಡಾಕ ಬರ್ತಾರೇನು?"

"ಇಲ್ಲ" ಎಂದರು ದಿನಕರಣ್ಣ. ಯಾರಾದರೂ ಒಮ್ಮೆಯಾದರೂ ಬಂದಿದ್ದರೋ ಎಂದು ನೆನಪು ಮಾಡಿಕೊಳ್ಳಲು ನೋಡಿದರು. ಅವರಿಗೆ ನೆನಪಾದದ್ದು ಬೇರೆ. ಒಂದು ಮನೆಯ ಅಜ್ಜಿ ಮರಿಗೆ ಕೊಡುವಾಗ ಅದರೊಳಗೆ ಹಿಡಿ ಅವಲಕ್ಕಿ ಹಾಕಿಯೇ ಕೊಟ್ಟಿದ್ದರು. ಇವರು ಅದನ್ನು ಬಸ್ಸಿನಲ್ಲಿ ಕೂತು ಮುಕ್ಕಿದ್ದರು. ಹಸಿವಾಗಿತ್ತು, ರುಚಿಯಾಗಿತ್ತು. ಮರಿಗೆ ಮಾತ್ರ ಮತ್ತೆ ಆ ಮನೆಗೆ ಹೋಗಲಿಲ್ಲ, ಅಜ್ಜಿಯೂ ಕೇಳಲಿಲ್ಲ.

ಸಾವಿತ್ರವ್ವ ಜಗಲಿಗೆ ಬಂದು ಕೂತು ಬಟ್ಟೆಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡರು. "ಅಕ್ಕಿ ತಂದೀನ್ರಿ. ನಮ್ಮ ಸಾಲೀಂದ ಖಾಲಿ ಹೋತಲ್ಲ, ಅದಕ್ಕ. ನಿದ್ದಿ ಬರವಲ್ದು. ಹುಡುಗೋರು ದಿನಾ ಕೇಳ್ತಾವ, ಆ ಪೆಟಗಿ ಮತ್ತ ಬರತೈತೇನಬೇ ಅಂತ. ಏನಂತ ಹೇಳ್ಲಿ? ಬೇವಿನ ಎಲೀನೂ ಹಾಕೀನಿ, ಹುಳಾ ಬೀಳೂದಿಲ್ಲ."

"ಕೊಳಗಕ್ಕೆ ಹಾಕಲಿಕ್ಕಾಗೂದಿಲ್ಲ ಅವ್ವಾ" ದಿನಕರಣ್ಣ ಮೆಲ್ಲಗೆ ಹೇಳಿದರು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ. ಓಲೆಗರಿಯ ಕತೆ ಹೇಳಿದರು. ಸಾವಿತ್ರವ್ವ ಕೇಳಿ, ದೇವರ ಹೆಸರು ಬರೆದದ್ದು ಹಿಟ್ಟಾಯಿತು ಎಂದಾಗ ಕೆನ್ನೆ ತಟ್ಟಿಕೊಂಡರು.

"ಹೌದ್ ಬಿಡ್ರಿ, ಅದಕ್ಕ ಹಾಕಬಾರದು. ಹಂಗಾರ ಇದನ್ನ ಎಲ್ಲಿ ಹಾಕ್ಲಿ?"

ದಿನಕರಣ್ಣ ಸುತ್ತ ನೋಡಿದರು. ಎತ್ತ ನೋಡಿದರೂ ಪಾತ್ರೆಗಳೇ. ಒಂದು ಸೇರು ಅಕ್ಕಿ ಹಾಕಿಸಿಕೊಳ್ಳಲು ಒಂದೂ ಇಲ್ಲ.

"ಪೇಟೆಯಿಂದ ಒಂದು ಸ್ಟೀಲ್ ಡಬ್ಬಿ ತರ್ಲಾ?" ಎಂದಳು ಚೇತನಾ. "ಪೆಟ್ಟಿಗೆ ಜೊತೆ ಅದೂ ಹೋಗ್ಲಿ. ಏನು ಹಾಕೂದಿದ್ರೂ ಅದ್ರಲ್ಲಿ ಹಾಕ್ಲಿ."

"ಅಂಗಡಿ ಡಬ್ಬಿಗೆ ಯಾರ ಮನೀದು ಅಂತ ಹಾಕೂದವಾ?" ಸಾವಿತ್ರವ್ವ ನಕ್ಕರು. ಆದರೆ ಚೀಲ ಮಡಿಲಲ್ಲೇ ಇತ್ತು.

ದಿನಕರಣ್ಣ ಎದ್ದು ಒಳಗೆ ಹೋದರು. ಅವರ ಹೆಂಡತಿ ಸೀತಕ್ಕ ಹಿಟ್ಟು ರುಬ್ಬುತ್ತಿದ್ದವರು, ಗಂಡ ಅಡುಗೆಮನೆಯ ಗೋಡೆಯ ನಾಗಂದಿಗೆಯ ಹಲಗೆಗೆ ಕೈ ಹಾಕಿದ್ದು ನೋಡಿ, ಮಿಕ್ಸರ್ ನಿಲ್ಲಿಸಿ ತಮ್ಮ ಮನೆಮಾತಿನಲ್ಲಿ ಕೇಳಿದರು.

"ಎಂತ ಹುಡುಕ್ತಾ ಇದ್ರಿ?"

"ಮುಚ್ಚಳ ಇಪ್ಪ ಡಬ್ಬಿ ಒಂದು ಬೇಕಾಗಿತ್ತು. ಹಿತ್ತಾಳೇದು."

"ಅದು ಯನ್ನ ಆಯಿ ಕೊಟ್ಟಿದ್ದು. ಊರವ್ರ ಮನೆ ಪಾತ್ರೆ ಎಲ್ಲ ಮುಗತ್ತು, ಈಗ ಯನ್ನ ಡಬ್ಬಿನೂ ಗಾಜಿನೊಳಗೆ ಇಡ್ತ್ರಾ? ಆಮೇಲೆ ಆನೊಬ್ಬಳೇ ಬಾಕಿ."

"ಗಾಜಿನೊಳಗೆ ಅಲ್ಲ. ಶಾಲೆಗೆ ಕಳಿಸ್ತೆ. ಅಲ್ಲಿಯವು ಎಂತಾದ್ರೂ ಹಾಕಿ ಕಳಿಸ್ತ. ವಾಪಸ್ ಬತ್ತು."

ಸೀತಕ್ಕ ಗಂಡನ ಮುಖವನ್ನೇ ನೋಡಿದರು. ಈ ಮನುಷ್ಯ ಹೊರಗಿನಿಂದ ಪಾತ್ರೆ ತಂದದ್ದು ಗೊತ್ತು. ಮನೆಯ ಪಾತ್ರೆ ಹೊರಗೆ ಕೊಟ್ಟದ್ದು ಕಂಡಿರಲಿಲ್ಲ. "ಬತ್ತಾ? ಮತ್ತೆ ಆನು ಕೇಳ್ತೆ, ಹೇಳಿಟ್ಟಿದ್ದಿ. ಮರೆಯದಿಲ್ಲೆ" ಎಂದರು. ಡಬ್ಬಿಯಲ್ಲಿದ್ದ ಕೊತ್ತಂಬರಿ ಬೀಜವನ್ನು ಬೇರೆ ಕಡೆ ಸುರಿದು, ಒರೆಸಿ, ತಾವೇ ಹಿಡಿದುಕೊಂಡು ಜಗಲಿಗೆ ಬಂದರು.

ಸಾವಿತ್ರವ್ವ ಡಬ್ಬಿಯನ್ನು ತಿರುಗಿಸಿ ನೋಡಿದರು. ಪಕ್ಕೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರಿನ ಮೇಲೆ ಬೆರಳಾಡಿಸಿದರು. "ಯಾರ ಹೆಸರ್ರೀ ಅಕ್ಕಾರ?"

"ನಮ್ಮ ಆಯಿದು, ಅಮ್ಮಂದು. ಗಂಗಾ ಅಂತ."

"ಚೊಲೋ ಹೆಸರು." ಅಕ್ಕಿಯನ್ನು ಸುರಿದರು. ಅದು ಹಿತ್ತಾಳೆಗೆ ಬಿದ್ದ ಸದ್ದು ಎರಡೂ ಕೋಣೆಗೆ ಕೇಳಿತು. ಮುಚ್ಚಳ ಹಾಕಿ, ಡಬ್ಬಿಗೊಮ್ಮೆ ಕೈಮುಗಿದು, ಸೀತಕ್ಕನ ಕೈಯಲ್ಲಿಟ್ಟು, "ಇನ್ನ ಚಾ ಕೊಡ್ರಿ, ಕುಡೀತೀನಿ" ಎಂದರು.

ಸೋಮವಾರ ಚೇತನಾ ಬಂದಾಗ ಪೆಟ್ಟಿಗೆ ಜಗಲಿಯಲ್ಲಿ ಕಟ್ಟಿ ಸಿದ್ಧವಾಗಿತ್ತು. ಮುಚ್ಚಳದ ಕಾಗದವನ್ನು ದಿನಕರಣ್ಣ ಕಿತ್ತಿರಲಿಲ್ಲ. ಅದರ ಕೆಳಗೆ ತಮ್ಮ ಅಕ್ಷರದಲ್ಲಿ 'ಹಿತ್ತಾಳೆ ಡಬ್ಬಿಯೊಂದನ್ನು ಬಿಟ್ಟು' ಎಂದು ಸೇರಿಸಿದ್ದರು. ಸಾವಿತ್ರವ್ವನ ಅಕ್ಕಿ ಇದ್ದ ಡಬ್ಬಿಯನ್ನು ಬೇರೆಯದೇ ಚೀಲದಲ್ಲಿ, ಪೆಟ್ಟಿಗೆಗೆ ತಾಗದಂತೆ ಇಟ್ಟಿದ್ದರು.

"ಮೊದಲು ಸಿದ್ದಾಪುರದ ಕಡೆ ಹೋಗು. ಆಚೆ ವಾರ ಉಲ್ಲಾಸ ಮಾಸ್ತರರ ಬಳಗದ ಶಾಲೆಗಳಿಗೆ. ನಾನೇ ಫೋನು ಮಾಡಿದ್ದೇನೆ" ಎಂದರು. ಮತ್ತೆ, ಹೇಳಬೇಕೋ ಬೇಡವೋ ಎಂಬಂತೆ, "ಈ ಮರಿಗೆ ಕೊಟ್ಟ ಅಜ್ಜಿಯೊಬ್ಬರ ಮನೆ ಸಿದ್ದಾಪುರದ ದಾರಿಯಲ್ಲೇ ಇದೆ. ಅಜ್ಜಿ ಈಗ ಇರಲಿಕ್ಕಿಲ್ಲ. ಅಲ್ಲಿಯ ಮಕ್ಕಳು ಯಾವ ಶಾಲೆಗೆ ಹೋಗ್ತಾರೆ ಕೇಳು. ಪೆಟ್ಟಿಗೆ ಅಲ್ಲಿಗೇ ಮೊದಲು ಕೊಡು" ಎಂದರು.

ಆ ಶಾಲೆಯಲ್ಲಿ ಪೆಟ್ಟಿಗೆ ತೆರೆದಾಗ ಮಕ್ಕಳು ಕೊಳಗಕ್ಕೂ ಅಡಕತ್ತರಿಗೂ ಮುಗಿಬಿದ್ದರು. ಭೂಮಿಕಾ ಎಂಬ ಐದನೆಯ ತರಗತಿಯ ಹುಡುಗಿ ಮಾತ್ರ ಚೀಲದಲ್ಲಿದ್ದ ಡಬ್ಬಿಯನ್ನು ಹೊರಗೆ ತೆಗೆದು ಹೆಸರು ಓದಿದಳು.

"ಇದು ಯಾರ್ದು ಅಕ್ಕಾ?"

"ಸೀತಕ್ಕ ಅಂತ, ಅವರ ಮನೇದು."

"ವಾಪಸ್ ಕೇಳ್ತಾರಾ?"

"ಕೇಳ್ದೇ ಇರ್ತಾರಾ? ಬಾಗಿಲಲ್ಲೇ ನಿಂತಿರ್ತಾರೆ."

ಭೂಮಿಕಾ ಮುಚ್ಚಳ ತೆಗೆದಳು. "ಮತ್ತೆ ಈ ಅಕ್ಕಿ?"

"ಅದು ನಿಮಗೆ. ಯಲ್ಲಾಪುರದ ಕಡೆಯ ಒಂದು ಶಾಲೆಯವರು ಕೊಟ್ಟದ್ದು."

ಭೂಮಿಕಾ ಬಗ್ಗಿ ಮೂಸಿದಳು. ಒಂದು ಕಾಳು ಬಾಯಿಗೆ ಹಾಕಿ ಕಡಿದಳು. ಯಾವುದೋ ಊರಿನ ಅಕ್ಕಿ, ತಮ್ಮ ಮನೆಯದಕ್ಕಿಂತ ಸಣ್ಣ. ಡಬ್ಬಿ ಎಷ್ಟು ಹಿಡಿಯುತ್ತದೆ ಎಂದು ಒಳಗೆ ಇಣುಕಿದಳು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇವತ್ತಿನ ಅನ್ನಕ್ಕೆ ಇದನ್ನೂ ಸೇರಿಸಿ ಎಂದು ಹೇಳಲು ಅಡುಗೆಕೋಣೆಯ ಕಡೆಗೆ ನಡೆದಳು.