ಜ್ವರಕ್ಕೆ ಕೂತ ಹುಳು

ಸುಣ್ಣದ ಪುಡಿ ಉದುರಿಸಿದ್ದ ತಟ್ಟೆಯ ನಡುವೆ ಹಿಪ್ಪುನೇರಳೆ ಎಲೆ ಬಿದ್ದಿತ್ತು. ಒಂದಲ್ಲ, ಐದಾರು. ಇನ್ನೂ ಬಾಡಿರಲಿಲ್ಲ.

ಶಿವರತ್ನಮ್ಮ ಅವನ್ನು ಒಂದೊಂದಾಗಿ ಎತ್ತಿ ಸೆರಗಿಗೆ ಹಾಕಿಕೊಂಡಳು. ರೇಷ್ಮೆ ಹುಳುಗಳು ಮೂರನೆಯ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವತನಕ ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತವೆ; ಆಗ ಸೊಪ್ಪು ಬಿದ್ದರೆ ತೇವವೇರಿ ಹುಳುಗಳೇ ಕೊಳೆಯುತ್ತವೆ. ಕಾಮಗೆರೆಯಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು.

"ಊರೋರ್ ಯಾರೂ ಇಂಗ್ ಮಾಡಕಿಲ್ಲ ಕಣಕ್ಕ," ಸೊಪ್ಪು ಕುಯ್ಯುವ ಕೆಂಚಯ್ಯ ಬಾಗಿಲಾಚೆಯಿಂದಲೇ ಹೇಳಿದ. "ನಿನ್ ಬೆಂಗ್ಳೂರ್ ಮೊಮ್ಮಗ್ಳ ಕೇಳು. ರೊಟ್ಟಿ ಕದ್ದು ದಿಂಬಿನ್ ಅಡೀಲಿ ಮಡಿಕಂಡಿದ್ದೋಳು. ನಾಳೀಕೆ ಬಸ್ ಅತ್ತುಸ್ಬುಡು."

"ನಿಮ್ಮನೇಲೂ ಹುಳ ಅವೆ ಕೆಂಚ. ನಿನ್ನೂ ಒಸಿ ನೋಡ್ಕಬೇಕು."

"ಅಯ್ ಶಿವನೇ! ನನ್ ಮೇಲೇ ತಿರುಗುಸ್ದಾ!"

ಹಾಗೆಂದರೂ ಅವಳ ಅನುಮಾನ ಮೊಮ್ಮಗಳು ಪವಿತ್ರಳ ಮೇಲೇ ಇತ್ತು. ಮಗ ಹೆಂಡತಿಯನ್ನು ಬಿಟ್ಟುಹೋದ ಮೇಲೆ ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮಗು ದಿನವಿಡೀ ಒಂಟಿಯಾಗಿರುತ್ತದೆಂದು ಅಕ್ಕಪಕ್ಕದವರು ಹೇಳಿಕಳಿಸಿದ ಮೇಲೆ ಶಿವರತ್ನಮ್ಮನೇ ಹೋಗಿ ಹುಡುಗಿಯನ್ನು ಕರೆತಂದು ತಿಂಗಳಾಗಿತ್ತು. ಎಂಟು ವರ್ಷದ ಅದು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಕಳ್ಳತನದ ಮೇಲೆ ಹಟವೂ ಇದೆಯೋ ಏನೋ. ಹಾಗಿದ್ದರೆ ನಾಳೆ ಕಳಿಸುವುದೇ ಸರಿ.

ಮಧ್ಯಾಹ್ನ ತೋಟಕ್ಕೆ ಹೊರಟವಳಂತೆ ಕುಕ್ಕೆ ಹಿಡಿದು ಹೊರಬಿದ್ದ ಶಿವರತ್ನಮ್ಮ ಬಳಸಿ ಬಂದು ಹುಳದ ಮನೆಯ ಹಿಂದಿನ ಕಿಟಕಿಗೆ ಒರಗಿ ನಿಂತಳು.

ಪವಿತ್ರ ಬಂದಳು. ಹೇಳಿಕೊಟ್ಟಂತೆಯೇ ಹೊಸ್ತಿಲ ಬಳಿಯ ಔಷಧಿ ನೀರಲ್ಲಿ ಕಾಲು ಅದ್ದಿದಳು. ಫ್ರಾಕಿನೊಳಗಿಂದ ಎಲೆ ತೆಗೆದು ಹುಳುಗಳ ಬಾಯ ಬಳಿ ಇಟ್ಟಳು.

"ಬೇಗ ತಿನ್ನಿ. ಅಜ್ಜಿ ಯಾವಾಗ್ ಬರ್ತಾರೋ ಗೊತ್ತಿಲ್ಲ. ಅಳ್ಬೇಡಿ, ಅತ್ರೆ ಪಕ್ಕದ್ ಮನೆಯವ್ರು ಬಾಗಿಲು ಗುದ್ದುತಾರೆ."

ಬೈಯಲೆಂದು ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಶಿವರತ್ನಮ್ಮನಿಗೆ ಮರೆತುಹೋಯಿತು. ಒಳಗೆ ಬಂದಳು.

"ಅವ್ಕೆ ಅಸಿವಿಲ್ಲ ಕಣವ್ವ. ಜ್ವರ ಬುಟ್ಟು ಏಳಗಂಟ ಏನೂ ತಿನ್ನಾಕಿಲ್ಲ."

ಪವಿತ್ರ ಗೋಡೆಗೆ ಅಂಟಿಕೊಂಡಳು. "ಅಮ್ಮನೂ ಹಂಗೇ ಹೇಳ್ತಿದ್ಲು. ನಿಂಗ್ ಹಸಿವಿಲ್ಲ, ಮಲ್ಕೋ ಅಂತ."

ಮುದುಕಿ ಹುಳುಗಳ ಬಾಯ ಬಳಿಯ ಎಲೆಗಳನ್ನು ಎತ್ತಿ ಸೆರಗಿಗೆ ಹಾಕಿಕೊಂಡಳು. ಮಗು ಅವಳನ್ನೇ ನೋಡುತ್ತಿತ್ತು, ಕಳ್ಳರನ್ನು ನೋಡಿದ ಹಾಗೆ.

"ನಾಳೀಕ್ ಏಳ್ತವೆ. ನೀನೇ ಸೊಪ್ ಆಕೀಯಂತೆ."

"ಸುಳ್ಳು. ಕೆಂಚಯ್ಯ ಹೇಳಿದ್ದು ಕೇಳಿಸ್ಕೊಂಡೆ. ನಾಳೆ ನನ್ನ ಬಸ್ ಹತ್ತಿಸ್ತೀರಲ್ಲ."

ಮರುದಿನ ಮಗು ಏಳುವ ಮುಂಚೆಯೇ ಶಿವರತ್ನಮ್ಮ ಆ ತಟ್ಟೆಯಲ್ಲಿ ಕಪ್ಪಾಗಿ ಕೊಳೆತ ನಾಲ್ಕು ಹಿಡಿ ಹುಳು ಆರಿಸಿ ತಿಪ್ಪೆಯಲ್ಲಿ ಹೂತು ಬಂದಿದ್ದಳು. ಉಳಿದವು ಪೊರೆ ಬಿಟ್ಟು ತಲೆ ಆಡಿಸುತ್ತಿದ್ದವು. ಪವಿತ್ರ ಸೊಪ್ಪು ಹರಡಿ ಕೈಕಟ್ಟಿ ಕಾದಳು. ಮೊದಲು ಏನೂ ಇಲ್ಲ. ಆಮೇಲೆ ತಟ್ಟೆಯ ತುಂಬ ಚರಚರ ಸದ್ದು ಎದ್ದಿತು.

"ಅಕ್ಕಾ, ಬಸ್ ಬತ್ತದೆ!" ಆಚೆಯಿಂದ ಕೆಂಚಯ್ಯ ಕೂಗಿದ.

"ಬಂದ್ರೆ ಓಗ್ಲಿ ಬುಡ್ಲಾ. ನೀ ಇನ್ನೊಂದ್ ಕುಕ್ಕೆ ಸೊಪ್ಪು ತತ್ತಾ."

ಪವಿತ್ರ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಫ್ರಾಕಿನ ಜೇಬಿಗೆ ಕೈಹಾಕಿ, ಒಣಗಿ ಗಟ್ಟಿಯಾಗಿದ್ದ ರೊಟ್ಟಿಯ ಚೂರನ್ನು ತೆಗೆದು, ಹುಳುಗಳ ಜೊತೆಗೇ ತಾನೂ ಅಗಿಯತೊಡಗಿದಳು.